ಕ್ವೈದಾನ್ ಬ್ಲೂ-ರೇ: ಬಟ್ಟೆಯ ಮೇಲೆ ಬರೆದ ಆಕಾಶ

ಕಲಬುರಗಿಯಲ್ಲಿ ಅಪ್ಪನ ಕಾಲದ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಅಪ್ಪ ಬಿಟ್ಟುಹೋದ ಸಾಮಾನಿನಲ್ಲಿ ಎಂಟಡಿ ಎತ್ತರದ ಒಂದು ಪರದೆ ಇದೆ. ದಪ್ಪ ಬಟ್ಟೆಯ ಮೇಲೆ ಹಿಮದ ಗುಡ್ಡ, ಕೆಳಗೆ ನೀಲಿ ಕೆರೆ. ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದ ಎಷ್ಟೋ ಹೊಸ ಜೋಡಿಗಳು ಆ ಹಿಮದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಅದು ಬಣ್ಣದಲ್ಲಿ ಬರೆದ ಹಿಮ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಫೋಟೊ ನೋಡಿದರೆ ಅವರ ಮುಖ ತಣ್ಣಗಿರುತ್ತದೆ.

ಮಸಾಕಿ ಕೊಬಾಯಾಶಿಯ ‘ಕ್ವೈದಾನ್’ ನೋಡುವಾಗ ನನಗೆ ಮೊದಲು ನೆನಪಾದದ್ದು ಆ ಪರದೆ. ಇದು 1964ರ ಜಪಾನಿ ಚಿತ್ರ. ಲಾಫ್ಕಾಡಿಯೊ ಹರ್ನ್ ಬರೆದಿಟ್ಟ ಜಪಾನಿನ ಹಳೆಯ ದೆವ್ವದ ಕಥೆಗಳಲ್ಲಿ ನಾಲ್ಕನ್ನು ಎತ್ತಿಕೊಂಡು, ವಿಮಾನ ನಿಲ್ಲಿಸುವ ಶೆಡ್ಡಿನೊಳಗೆ ಸೆಟ್ ಹಾಕಿ, ಆಕಾಶವನ್ನೂ ಬಣ್ಣದಲ್ಲೇ ಬರೆಸಿ ತೆಗೆದದ್ದು. 1965ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿಯ ವಿಶೇಷ ಬಹುಮಾನ ಪಡೆಯಿತು. ನಾನು ಕೊಂಡದ್ದು ಅಮೆರಿಕದ ಕ್ರೈಟೀರಿಯನ್ ಕಂಪನಿ 2015ರಲ್ಲಿ ತಂದ ಬ್ಲೂ-ರೇ ಡಿಸ್ಕ್. ಇದರಲ್ಲಿ 183 ನಿಮಿಷದ ಪೂರ್ತಿ ಚಿತ್ರವಿದೆ. ಅವರ ಹಳೆಯ ಡಿವಿಡಿಯಲ್ಲಿ ಇದ್ದದ್ದು 161 ನಿಮಿಷದ ಕತ್ತರಿಸಿದ ಪ್ರತಿ.

ಕೊಳ್ಳುವವರಿಗೆ ಒಂದು ಮಾತು. ಬ್ಲೂ-ರೇ ಲೆಕ್ಕದಲ್ಲಿ ನಮ್ಮ ದೇಶ ‘ಸಿ’ ವಲಯ, ಈ ಡಿಸ್ಕ್ ‘ಎ’ ವಲಯದ್ದು. ಮಾರಿದವರು ಎಲ್ಲ ಪ್ಲೇಯರಿನಲ್ಲೂ ಓಡುತ್ತದೆ ಎಂದು ಹೇಳಿ ಕಳಿಸಿದರು, ನನ್ನ ಪ್ಲೇಯರಿನಲ್ಲಿ ಓಡಲಿಲ್ಲ. ಎಲ್ಲ ವಲಯದ ಡಿಸ್ಕ್ ಓದುವ ಪ್ಲೇಯರನ್ನು ಅಳಿಯ ಬೆಂಗಳೂರಿನಿಂದ ತರುವವರೆಗೆ ಎರಡು ತಿಂಗಳು ಡಬ್ಬಿಯನ್ನೇ ನೋಡುತ್ತ ಕೂತೆ. ಮೊದಲು ಪ್ಲೇಯರ್ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.

ನೋಡಿದ್ದು ಅವ್ವನ ಜೊತೆ, ರಾತ್ರಿ ಊಟದ ಮೇಲೆ, ದಿನಕ್ಕೆ ಒಂದು ಕಥೆಯಂತೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ ಇದೆ. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಜಪಾನಿನಲ್ಲಿ ದೆವ್ವದ ಕಥೆಗೆ ಬೇಸಿಗೆಯೇ ಕಾಲ, ಮೈ ನಡುಗಿದರೆ ಸೆಕೆ ತಿಳಿಯುವುದಿಲ್ಲ ಎಂದು ಅಲ್ಲಿ ಹೇಳುತ್ತಾರೆ. ನಮ್ಮೂರಲ್ಲಿ ಕೂತು ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಎರಡನೆಯದು ಹಿಮದ ಹೆಣ್ಣಿನ ಕಥೆ. ಬಿರುಗಾಳಿಯಲ್ಲಿ ಸಿಕ್ಕಿದ ಇಬ್ಬರು ಕಟ್ಟಿಗೆ ಕಡಿಯುವವರು ಒಂದು ಗುಡಿಸಲು ಸೇರುತ್ತಾರೆ. ಮೇಲೆ ಆಕಾಶದಲ್ಲಿ ದೊಡ್ಡ ದೊಡ್ಡ ಕಣ್ಣು ಬರೆದಿದ್ದಾರೆ, ಬರೆದ ಕಣ್ಣೇ, ಮುಚ್ಚಿಡುವ ಯತ್ನವೇ ಇಲ್ಲ. ಬಿಳಿ ಹೆಣ್ಣು ಬಂದು ಮುದುಕನ ಮೇಲೆ ಬಾಗಿ ಉಸಿರು ಬಿಡುತ್ತಾಳೆ, ಅವನು ಸಾಯುತ್ತಾನೆ. ಹುಡುಗನನ್ನು ಬಿಡುತ್ತಾಳೆ, ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ. ವರ್ಷಗಳ ನಂತರ ಅವನು ಮೂರು ಮಕ್ಕಳ ತಾಯಾದ ಹೆಂಡತಿಯ ಮುಂದೆ ಬಾಯಿ ಬಿಡುತ್ತಾನೆ. ಆಗ ಹೊಲಿಗೆಯಲ್ಲಿ ತೊಡಗಿದ್ದ ಅವಳ ಮೇಲಿನ ಬೆಳಕು ಬದಲಾಗುವುದನ್ನು ನೋಡಬೇಕು. ಒಲೆಯ ಕೆಂಪು ಬೆಚ್ಚನೆ ಬೆಳಕು ಹೋಗಿ ನೀಲಿ ಬರುತ್ತದೆ. ಲೈಟು ಹಚ್ಚಿ ಆರಿಸಿಯೇ ಹೊಟ್ಟೆ ಹೊರೆದವನು ನಾನು. ಎರಡು ಸಲ ಹಿಂದೆ ಓಡಿಸಿ ನೋಡಿದೆ.

‘ಹೇಳಬ್ಯಾಡ ಅಂದಿದ್ಳಲ್ಲ, ಯಾಕ ಹೇಳ್ದಾ?’ ಎಂದಳು ಅವ್ವ. ಸಿಟ್ಟು ಬಂದಿತ್ತು, ಅದೂ ದೆವ್ವದ ಮೇಲಲ್ಲ, ಗಂಡನ ಮೇಲೆ. ಈ ಚಿತ್ರ ಇಷ್ಟು ವರ್ಷ ಬಾಳಿದ್ದು ಅದಕ್ಕೇ ಎಂದು ನನಗನಿಸುತ್ತದೆ. ಮೊದಲ ಕಥೆಯಲ್ಲೂ ಅದೇ: ಬಡತನ ತಾಳದೆ ಹೆಂಡತಿಯನ್ನು ಬಿಟ್ಟು ಸಿರಿವಂತರ ಮಗಳನ್ನು ಕಟ್ಟಿಕೊಂಡ ಸಮುರಾಯ್ ವರ್ಷಗಳ ಮೇಲೆ ತಿರುಗಿ ಬರುತ್ತಾನೆ. ಈ ದೆವ್ವಗಳಿಗೆ ಲೆಕ್ಕ ಬಾಕಿ ಇರುತ್ತದೆ. ಸುಮ್ಮನೆ ಬರುವುದಿಲ್ಲ. ಸಂಗೀತ ನಿರ್ದೇಶಕ ತೋರು ತಾಕೆಮಿತ್ಸು ಆ ಕಥೆಗೆ ಮರ ಸೀಳುವ ಸದ್ದನ್ನೇ ಸಂಗೀತ ಮಾಡಿದ್ದಾನೆ. ಸ್ಪೀಕರ್ ಒಳ್ಳೆಯದಿದ್ದರೆ ಹಲ್ಲು ಕಡಿದಂತಾಗುತ್ತದೆ.

ಆದರೆ ನಮ್ಮ ಮನೆಯಲ್ಲಿ ಉಳಿದದ್ದು ಮೂರನೆಯ ಕಥೆ, ಹೋಯಿಚಿಯದು. ಬಿವಾ ಎಂಬ ತಂತಿವಾದ್ಯ ನುಡಿಸುವ ಕುರುಡ. 1185ರಲ್ಲಿ ದಾನ್-ನೊ-ಉರಾದ ಸಮುದ್ರದಲ್ಲಿ ಸೋತು ಮುಳುಗಿದ ಹೈಕೆ ವಂಶದವರು ತಮ್ಮ ಸಾವಿನ ಪದ ಕೇಳಲು ರಾತ್ರಿ ರಾತ್ರಿ ಅವನನ್ನು ಕರೆಸಿಕೊಳ್ಳುತ್ತಾರೆ. ಅವರ ಎಳೆಯ ಚಕ್ರವರ್ತಿಯನ್ನು ಅಜ್ಜಿಯೇ ಎತ್ತಿಕೊಂಡು ನೀರಿಗೆ ಹಾರಿದ್ದಳು. ಹೋಯಿಚಿ ಅದನ್ನು ಹಾಡುವಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಜೇವರ್ಗಿ ಕಡೆಯ ಹಳ್ಳಿಯಲ್ಲಿ ಅವಳ ಅಪ್ಪ, ನಮ್ಮ ಮುತ್ಯಾ, ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಕರ್ಬಲಾ ಯುದ್ಧದ ಕಥೆಯ ರಿವಾಯತ್ ಪದ ಹಾಡುತ್ತಿದ್ದ. ಕರ್ಬಲಾದಲ್ಲಿ ಹನಿ ನೀರಿಲ್ಲದೆ ಹೋದ ಕೂಸಿನ ಪದ ಬಂದಾಗ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಹೆಂಗಸರೂ ಅಳುತ್ತಿದ್ದರಂತೆ. ‘ಅಪ್ಪನ ದನಿನೇ ಕೇಳಿದಂಗಾತು’ ಎಂದಳು.

ಹೋಯಿಚಿಯನ್ನು ಉಳಿಸಲು ಗುಡಿಯವರು ಅವನ ಮೈತುಂಬ ಕುಂಚದಿಂದ ಬೌದ್ಧ ಸೂತ್ರ ಬರೆಯುತ್ತಾರೆ, ಅಕ್ಷರವಿದ್ದ ಮೈ ದೆವ್ವಕ್ಕೆ ಕಾಣುವುದಿಲ್ಲ. ಕೆನ್ನೆ, ಎದೆ, ಬೆರಳು, ಎಲ್ಲೆಡೆ ಕಪ್ಪು ಅಕ್ಷರ. ಕ್ಯಾಮೆರಾ ಅವಸರ ಮಾಡುವುದಿಲ್ಲ. ಕಿವಿ ಮಾತ್ರ ಮರೆಯುತ್ತಾರೆ. ಅದು ನೋಡುವ ನಮಗೂ ಹೊಳೆದಿರುವುದಿಲ್ಲ. ದೆವ್ವಕ್ಕೆ ಕತ್ತಲಲ್ಲಿ ಎರಡು ಕಿವಿ ಮಾತ್ರ ಕಾಣುತ್ತವೆ.

ನಾಲ್ಕನೆಯದು, ಚಹಾ ಬಟ್ಟಲಿನ ಕಥೆ, ನನಗೆ ಹಿಡಿಸಲಿಲ್ಲ. ಬೇಕೆಂದೇ ಅರ್ಧಕ್ಕೆ ಬಿಟ್ಟ ಕಥೆ ಅದು, ಆದರೆ ಹೋಯಿಚಿಯ ಮೇಲೆ ನೋಡಿದರೆ ಸಪ್ಪೆ. ಮೂರು ತಾಸು ಹೆಚ್ಚೆನಿಸಿದವರು ಕೆಂಜಿ ಮಿಜೊಗುಚಿಯ 1953ರ ‘ಉಗೆತ್ಸು’ ಹುಡುಕಿ, ಅದೂ ದೆವ್ವದ ಚಿತ್ರವೇ. ಒಂದೂವರೆ ತಾಸಿನ ಮೇಲೆ ಸ್ವಲ್ಪ. ಅದರ ಕೊನೆಯಲ್ಲಿ ಕುಂಬಾರ ಊರಿಗೆ ಮರಳಿ ಖಾಲಿ ಮನೆಯನ್ನು ಸುತ್ತಿ ಬರುತ್ತಾನೆ. ಈಗಷ್ಟೇ ಬರಿದಾಗಿದ್ದ ಒಲೆಯಲ್ಲಿ ಬೆಂಕಿ, ಪಕ್ಕದಲ್ಲಿ ಹೆಂಡತಿ. ನಡುವೆ ಒಂದು ಕಟ್ ಕೂಡ ಇಲ್ಲ.

ಡಿಸ್ಕಿನ ಬಣ್ಣ ಎದ್ದು ನಿಂತಿದೆ, ಕಪ್ಪು ಕಪ್ಪಾಗಿಯೇ ಇದೆ. ಕಸ್ಟಮ್ಸ್ ಸೇರಿ ನಾಲ್ಕು ಸಾವಿರ ಮುಟ್ಟಿತು, ಕೊಟ್ಟದ್ದಕ್ಕೆ ಬೇಜಾರಿಲ್ಲ. ಮುಂದಿನ ಮೊಹರಂಗೆ ಊರಿಗೆ ಹೋಗುವಾಗ ಪ್ಲೇಯರನ್ನೂ ಕಟ್ಟಿಕೊಂಡು ಬಾ ಎಂದಿದ್ದಾಳೆ ಅವ್ವ. ಅಲ್ಲಿ ರಿವಾಯತ್ ಹಾಡುವ ಇಬ್ಬರು ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಹೋಯಿಚಿಯನ್ನು ತೋರಿಸಬೇಕಂತೆ.