ನಾಯಿ ತನ್ನ ಹಾಟ್ ಸ್ಪಾಟ್ (ಚರ್ಮದ ಮೇಲಿನ ಹಸಿ ಗಾಯ) ನೆಕ್ಕದಂತೆ ತಡೆಯಲು ಕೋನ್ ಒಳ್ಳೆಯದೋ, ಗಾಳಿ ತುಂಬುವ ಕಾಲರೋ?

ಕೂದಲು ಉದುರಿ, ಚರ್ಮ ಕೆಂಪಾಗಿ ಅಂಟಂಟಾಗಿದೆಯಾ? ನಾಯಿ ನೆಕ್ಕುವುದು ನಿಲ್ಲದೆ ಯಾವ ಮದ್ದೂ ಹಿಡಿಯುವುದಿಲ್ಲ.

ಕುತ್ತಿಗೆಯ ಸುತ್ತ ಪ್ಲಾಸ್ಟಿಕ್ ಕೋನ್ ಹಾಕಿದರೆ ಪಾಪ ಅನಿಸುತ್ತದೆ. ಬಾಗಿಲಿಗೆ ಬಡಿಯುತ್ತದೆ, ಊಟಕ್ಕೂ ತೊಡಕು. ಆದರೆ ಅದರ ಅಂಚು ಮೂಗಿಗಿಂತ ಸ್ವಲ್ಪ ಮುಂದಿದ್ದರೆ ತೊಡೆ, ಬಾಲದ ಬುಡ, ಪಾದ ಯಾವುದೂ ಬಾಯಿಗೆ ಸಿಗುವುದಿಲ್ಲ. ಕೆನ್ನೆ ಕೆರೆದುಕೊಳ್ಳುವುದೂ ತಪ್ಪುತ್ತದೆ.

ಗಾಳಿ ತುಂಬುವ ಕಾಲರ್‌ನಲ್ಲಿ ನಿದ್ದೆ ಆರಾಮ. ಆದರೆ ಉದ್ದ ಮೂತಿಯ ನಾಯಿಗೆ ಪಾದ, ಬಾಲ ಸುಲಭವಾಗಿ ಎಟುಕಿಬಿಡುತ್ತವೆ, ಹಾಕಿಯೂ ಸುಮ್ನೆ.

ಬಟ್ಟೆಯ ಅಂಗಿಯಂತೂ ಬೇಡ. ಈ ಗಾಯ ಒಣಗಬೇಕು, ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ ಅಲ್ವಾ?

ನಾನಾದರೆ ಕೋನ್ ಅನ್ನೇ ಆರಿಸುತ್ತೇನೆ. ಕುತ್ತಿಗೆಯಲ್ಲೇ ಗಾಯವಿದ್ದರೆ ಎರಡೂ ಉಜ್ಜುತ್ತವೆ. ಆಗ ಪಶುವೈದ್ಯರಿಗೆ ತೋರಿಸಿ. ಗಾಯ ಬೇಗ ಹರಡುತ್ತಿದ್ದರೂ ಅಷ್ಟೇ, ತಡ ಮಾಡಬೇಡಿ.