ಎಸ್ಸೆಸ್ಸೆಲ್ಸಿ ಆಯ್ತು: ಟ್ಯಾಲಿ, ಐಟಿಐ, ಡಿಪ್ಲೊಮಾ ಯಾವುದು?

ದುಡ್ಡು, ಸಮಯ ಎರಡೂ ಕಮ್ಮಿ ಇದ್ದರೆ ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್. ಕೆಲವೇ ತಿಂಗಳ ಕಲಿಕೆ. ಕಲಬುರಗಿಯ ಅಂಗಡಿ, ದಾಲ್‌ಮಿಲ್ಲುಗಳ ಲೆಕ್ಕಕ್ಕೆ ಸಾಕು. ಆದರೆ ಬರೀ ಬಿಲ್ ಎಂಟ್ರಿಯನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ, ಜಿಎಸ್‌ಟಿ ರಿಟರ್ನ್ ತುಂಬಲು ಬಾರದಿದ್ದರೆ ಕಷ್ಟ.

ಐಟಿಐ ಎಲೆಕ್ಟ್ರಿಷಿಯನ್ 2 ವರ್ಷ. ಮಿಲ್ಲಿನ ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಸುಡುತ್ತದೆ. ಮೋಟಾರಿನ ನೇಮ್‌ಪ್ಲೇಟ್ ಮೇಲಿನ ಆಂಪಿಯರ್ ನೋಡಿ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಸೆಟ್ ಮಾಡುವ ಕೈ ಅಲ್ಲೇ ಇರಬೇಕು; ಫೋನಿನಲ್ಲಿ ಮುಗಿಯುವ ಕೆಲಸವಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕಂಟ್ರೋಲ್ ರೂಮಿನ ಮೇಲೆ ಕಣ್ಣಿದ್ದವರಿಗೆ ಇದು. ಗಣಿತ ತಲೆಗೆ ಹತ್ತದಿದ್ದರೆ ಬ್ಯಾಕ್‌ಲಾಗ್ ಗ್ಯಾರಂಟಿ.

ಐಟಿಐ, ಡಿಪ್ಲೊಮಾ ಎರಡರಲ್ಲಿ, ಮನೆಗೆ ಬೇಗ ಸಂಬಳ ಬೇಕಿದ್ದರೆ ಐಟಿಐ ಮೊದಲು. ಪಾಸಾದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ. ಐಟಿಐ, ಡಿಪ್ಲೊಮಾ ಯಾವುದಾದರೂ 371(ಜೆ) ಪ್ರಮಾಣಪತ್ರವನ್ನು (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಅರ್ಜಿಗೆ ಮೊದಲೇ ಮಾಡಿಸಿಡಿ.