ಹೆಲ್ತ್ ಕೋರ್ಸ್‌ಗೆ ಚಿತ್ರ ಹುಡುಕುವವರೇ, ‘ಕಾಪಿರೈಟ್ ಫ್ರೀ’ ಎಂಬ ಮಾತನ್ನು ನಂಬಬೇಡಿ

ನರ್ಸಿಂಗ್ ವಿದ್ಯಾರ್ಥಿಗಳಿಗೆಂದು ಸಿದ್ಧವಾದ, ಶುಲ್ಕ ಪಡೆಯುವ ಒಂದು ಆನ್‌ಲೈನ್ ಕೋರ್ಸನ್ನು ತೆರೆದ ಮೇಲೆ ಮುಚ್ಚಬೇಕಾಗಿ ಬಂತು. ಪಾಠ ಚೆನ್ನಾಗಿಯೇ ಇತ್ತು, ಕೈಕೊಟ್ಟದ್ದು ಚಿತ್ರಗಳು. ಅವನ್ನು ಹೊಂದಿಸಿಕೊಡುವ ಕೆಲಸ ಹೊರಗಿನ ಏಜೆನ್ಸಿಯೊಂದರದ್ದಾಗಿತ್ತು. ‘ಎಲ್ಲವೂ ಕಾಪಿರೈಟ್ ಫ್ರೀ’ ಎಂದು ಅವರು ಬರೆದುಕೊಟ್ಟಿದ್ದರು. ಒಂದೊಂದೇ ಚಿತ್ರದ ಮೂಲ ಹುಡುಕುತ್ತ ಹೋದಾಗ ಕಂಡದ್ದು ಬೇರೆಯೇ. ಇಂಥ ಕೋರ್ಸ್ ಕಟ್ಟುತ್ತಿರುವ ಯಾರಿಗೂ ಹೀಗಾಗಬಾರದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಲೈಸೆನ್ಸ್ ವಿಷಯ. ಎದೆಯ ಎಕ್ಸ್-ರೇಗಳಲ್ಲಿ ಹಲವು, ರೇಡಿಯಾಲಜಿ ಚಿತ್ರಗಳ ಜಾಲತಾಣ ರೇಡಿಯೋಪೀಡಿಯಾದವು. ಅಲ್ಲಿನ ಚಿತ್ರಗಳು ಯಾರು ಬೇಕಾದರೂ ನೋಡಲು ಮುಕ್ತ, ಆದರೆ ಅವುಗಳ ಕ್ರಿಯೇಟಿವ್ ಕಾಮನ್ಸ್ (ಸಿಸಿ, ಅಂದರೆ ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಡುವ) ಮಾದರಿಯ ಲೈಸೆನ್ಸ್‌ನಲ್ಲಿ ‘ಎನ್‌ಸಿ’ ಷರತ್ತಿದೆ, ಅಂದರೆ ವಾಣಿಜ್ಯ ಬಳಕೆ ಸಲ್ಲದು. ಶುಲ್ಕ ಪಡೆಯುವ ಕೋರ್ಸ್‌ನಲ್ಲಿ ಹಾಕಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಇನ್ನು ಕೆಲವಕ್ಕೆ ‘ಎನ್‌ಡಿ’ ಷರತ್ತಿತ್ತು. ಅಂಥ ಚಿತ್ರವನ್ನು ಮಾರ್ಪಡಿಸಿ ಹಂಚುವಂತಿಲ್ಲ. ಬಾಣದ ಗುರುತು ಸೇರಿಸುವುದು, ಇಂಗ್ಲಿಷ್ ಲೇಬಲ್ ತೆಗೆದು ಬೇರೆ ಭಾಷೆಯಲ್ಲಿ ಬರೆಯುವುದು, ಎಲ್ಲವೂ ಮಾರ್ಪಾಡೇ. ಪಾಠಕ್ಕೆ ಬೇಕಾಗುವುದು ಅದೇ ಆದ್ದರಿಂದ ಎನ್‌ಡಿ ಚಿತ್ರವನ್ನು ಹುಡುಕುವ ಹಂತದಲ್ಲೇ ಕೈಬಿಡುವುದು ಒಳ್ಳೆಯದು.

ಸಂಶೋಧನಾ ಲೇಖನಗಳಿಂದ ತೆಗೆದ ಚಿತ್ರಗಳ ಕಥೆ ಇನ್ನೊಂದು. ವೈದ್ಯಕೀಯ ಲೇಖನಗಳ ಆನ್‌ಲೈನ್ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಲೇಖನವನ್ನು ಉಚಿತವಾಗಿ ಓದಬಹುದು ಎಂದ ಮಾತ್ರಕ್ಕೆ ಅದರ ಚಿತ್ರವನ್ನು ಎತ್ತಿಕೊಳ್ಳಬಹುದು ಎಂದಲ್ಲ. ಮರುಬಳಕೆಗೆ ಅವಕಾಶವಿರುವ ಲೇಖನಗಳು ಅಲ್ಲಿರುವ ಒಟ್ಟು ಲೇಖನಗಳಲ್ಲಿ ಒಂದು ಭಾಗ ಮಾತ್ರ. ಲೇಖನಕ್ಕೆ ‘ಸಿಸಿ ಬಿವೈ’ (ಕರ್ತೃವಿನ ಹೆಸರು ಹಾಕಿ ಬಳಸಬಹುದಾದ ಲೈಸೆನ್ಸ್) ಇದ್ದರೂ ಚಿತ್ರದ ಕೆಳಗಿನ ಅಡಿಬರಹವನ್ನು ಕೊನೆಯವರೆಗೆ ಓದಿ. ‘ಇಂಥ ಪ್ರಕಾಶಕರ ಅನುಮತಿಯಿಂದ ಮರುಮುದ್ರಿಸಿದೆ’ ಎಂದಿದ್ದರೆ ಆ ಅನುಮತಿ ಲೇಖನಕ್ಕೆ ಸಿಕ್ಕಿದ್ದು, ನಿಮ್ಮ ಕೋರ್ಸ್‌ಗಲ್ಲ. ಗೂಗಲ್ ಇಮೇಜಸ್‌ನ ಕ್ರಿಯೇಟಿವ್ ಕಾಮನ್ಸ್ ಫಿಲ್ಟರ್ ಕೂಡ ಆಯಾ ವೆಬ್‌ಸೈಟ್ ಕೊಟ್ಟ ಮಾಹಿತಿಯನ್ನೇ ತೋರಿಸುತ್ತದೆ, ತಾನಾಗಿ ಪರಿಶೀಲಿಸುವುದಿಲ್ಲ. ಬೇರೆಯವರ ಚಿತ್ರವನ್ನು ಯಾರೋ ತಮ್ಮದೆಂದು ಅಪ್‌ಲೋಡ್ ಮಾಡಿ ಸಿಸಿ ಲೈಸೆನ್ಸ್ ಅಂಟಿಸಿದ್ದರೆ ಆ ಲೈಸೆನ್ಸ್‌ಗೆ ಬೆಲೆಯೇ ಇಲ್ಲ. ಚಿತ್ರವನ್ನೇ ಕೊಟ್ಟು ಅದರ ಪ್ರತಿಗಳನ್ನು ಹುಡುಕುವ ರಿವರ್ಸ್ ಸರ್ಚ್‌ಗೆ ಹಾಕಿ, ಅದಕ್ಕಿಂತ ಹಳೆಯ, ದೊಡ್ಡ ಗಾತ್ರದ ಪ್ರತಿ ಬೇರೆಲ್ಲಾದರೂ ಇದೆಯೇ ನೋಡಿ.

ಸಿಸಿ ಲೈಸೆನ್ಸ್‌ನ ಆವೃತ್ತಿಯನ್ನೂ ಗಮನಿಸಿ. 4.0 ಆವೃತ್ತಿಯಲ್ಲಿ ಷರತ್ತು ಮುರಿದದ್ದು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ. 2.0, 3.0 ಆವೃತ್ತಿಗಳಲ್ಲಿ ಈ ಸೌಲಭ್ಯವಿಲ್ಲ. ಲೇಖಕರ ಹೆಸರು ಬಿಟ್ಟುಹೋದರೂ ಹಕ್ಕು ಅಲ್ಲಿಗೇ ಮುಗಿಯುತ್ತದೆ.

ಆದರೆ ಕೋರ್ಸ್ ಮುಚ್ಚಲು ನಿಜವಾದ ಕಾರಣ ಲೈಸೆನ್ಸ್ ಅಲ್ಲ, ಒಬ್ಬ ರೋಗಿಯ ಹೆಸರು. ಅಲ್ಟ್ರಾಸೌಂಡ್ ಚಿತ್ರವೊಂದರ ಮೇಲ್ಭಾಗದಲ್ಲಿದ್ದ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದ್ದರು. ಅಲ್ಲಿ ಕ್ರಾಪ್ ಮಾಡಿದ ಭಾಗ ಅಳಿಯುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಸ್ಲೈಡ್ ಡೌನ್‌ಲೋಡ್ ಮಾಡಿಕೊಂಡವರು ಚಿತ್ರದ ಮೇಲೆ ಕ್ಲಿಕ್ ಮಾಡಿ ಕ್ರಾಪ್ ಒತ್ತಿದರೆ ಹೆಸರು ಕಣ್ಣೆದುರು ಬರುತ್ತದೆ. ಹೆಸರಿನ ಮೇಲೆ ಕಪ್ಪು ಚೌಕ ಇಟ್ಟರೂ ಇದೇ ಗತಿ, ಚೌಕವನ್ನು ಪಕ್ಕಕ್ಕೆ ಎಳೆದರೆ ಮುಗಿಯಿತು. ಇಮೇಜ್ ಎಡಿಟರ್‌ನಲ್ಲಿ ಆ ಭಾಗವನ್ನು ಕತ್ತರಿಸಿ, ಹೊಸ ಪಿಎನ್‌ಜಿ ಫೈಲ್ ಆಗಿ ಉಳಿಸಿ, ಅದನ್ನು ಮಾತ್ರ ಸ್ಲೈಡ್‌ಗೆ ಸೇರಿಸಬೇಕು.

ಆಸ್ಪತ್ರೆಯಿಂದ ನೇರವಾಗಿ ಡೈಕಾಮ್ ಫೈಲ್ (ಸ್ಕ್ಯಾನ್, ಎಕ್ಸ್-ರೇಗಳನ್ನು ಉಳಿಸುವ ವೈದ್ಯಕೀಯ ಮಾದರಿಯ ಫೈಲ್) ಸಿಕ್ಕರೆ ಇನ್ನೂ ಜೋಪಾನ. ಹೆಸರು, ಹುಟ್ಟಿದ ದಿನಾಂಕ, ಗುರುತಿನ ಸಂಖ್ಯೆ ಅದರ ಹೆಡರ್‌ನಲ್ಲಿ, ಅಂದರೆ ಚಿತ್ರದ ಜೊತೆಗಿನ ಮಾಹಿತಿ ಭಾಗದಲ್ಲಿ ಇರುತ್ತವೆ. ಹೆಡರ್ ತೊಳೆಯುವ ಸಾಫ್ಟ್‌ವೇರ್ ಅಲ್ಟ್ರಾಸೌಂಡ್‌ಗೆ ಸಾಲದು, ಅದರಲ್ಲಿ ಅಕ್ಷರಗಳು ಚಿತ್ರದ ಪಿಕ್ಸೆಲ್‌ಗಳಲ್ಲೇ ಅಚ್ಚಾಗಿರುತ್ತವೆ. ಮೊಬೈಲ್‌ನಲ್ಲಿ ತೆಗೆದ ಗಾಯದ ಫೋಟೊದಲ್ಲಿ ಸ್ಥಳದ ಜಿಪಿಎಸ್ ವಿವರ ಇರಬಹುದು, ಎಕ್ಸಿಫ್‌ಟೂಲ್‌ನಂಥ ಸಾಧನದಿಂದ ತೆಗೆಯಿರಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದರೆ ಗುರುತು ಮರೆಯಾಗುವುದಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಕೂಡ ಅದು ಸಾಲದು ಎಂದೇ ಹೇಳುತ್ತದೆ. ತಲೆಯ ಎಂಆರ್‌ಐನ ಪೂರ್ಣ ಸರಣಿಯಂತೂ ಮುಖವನ್ನೇ ಕಟ್ಟಿಕೊಡುತ್ತದೆ: 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಖ ಗುರುತಿಸುವ ಸಾಫ್ಟ್‌ವೇರ್ 84 ಜನರಲ್ಲಿ 70 ಜನರ ಸ್ಕ್ಯಾನನ್ನು ಅವರವರ ಫೋಟೊಗೆ ಸರಿಯಾಗಿ ಹೊಂದಿಸಿತು. ಚಿಕಿತ್ಸೆಗೆ ರೋಗಿ ಕೊಟ್ಟ ಒಪ್ಪಿಗೆ ಕೋರ್ಸ್‌ಗೆ ಕೊಟ್ಟ ಒಪ್ಪಿಗೆಯಲ್ಲ. ಆನ್‌ಲೈನ್ ಬೋಧನೆಗೆ ಎಂದು ಸ್ಪಷ್ಟವಾಗಿ ಬರೆದ ಪತ್ರ ಬೇಕು.

ಮೂರನೆಯದು ಪಾಠಕ್ಕೇ ಕೊಡಲಿಪೆಟ್ಟು. ಸ್ಲೈಡ್ ಅಂದವಾಗಿ ಕಾಣಲೆಂದು ಡಿಸೈನರ್ ಒಂದು ಎಕ್ಸ್-ರೇಯನ್ನು ಎಡ-ಬಲ ತಿರುಗಿಸಿ, ಮೂಲೆಯಲ್ಲಿ ಎಡಭಾಗವನ್ನು ತೋರಿಸುವ ‘ಎಲ್’ ಗುರುತನ್ನೂ ಅಳಿಸಿದ್ದರು. ಹೃದಯದ ತುದಿ ದೇಹದ ಬಲಕ್ಕೆ ಬಂದಿತ್ತು. ಹೃದಯದ ತುದಿ, ಜಠರದ ಗಾಳಿಗುಳ್ಳೆ ಎರಡೂ ನೋಡುವವರ ಬಲಗಡೆಗೆ ಇರಬೇಕು, ಇಲ್ಲದಿದ್ದರೆ ಮೂಲ ಚಿತ್ರದೊಂದಿಗೆ ಹೋಲಿಸಿ. ಎಐ ತರಬೇತಿಗೆಂದು ಬಿಟ್ಟ ಸಂಗ್ರಹಗಳಿಂದ ರೋಗದ ಹೆಸರು ನಂಬಿ ಚಿತ್ರ ತೆಗೆಯುವುದೂ ಅಪಾಯ. 1,12,120 ಎಕ್ಸ್-ರೇಗಳಿರುವ ಚೆಸ್ಟ್‌ಎಕ್ಸ್‌ರೇ14ರಲ್ಲಿ ಲೇಬಲ್‌ಗಳನ್ನು ವರದಿಗಳಿಂದ ಕಂಪ್ಯೂಟರ್ ಹೆಕ್ಕಿದೆ, ತಪ್ಪುಗಳಿವೆ. ರೇಡಿಯಾಲಜಿಸ್ಟ್ ಒಬ್ಬರು ನೋಡದೆ ಅಂಥದ್ದನ್ನು ಪಾಠಕ್ಕೆ ಹಾಕಬೇಡಿ. ಚರ್ಮದ ಚಿತ್ರಗಳಲ್ಲಿ ಬಿಳಿ ಚರ್ಮದವೇ ಹೆಚ್ಚು ಸಿಗುತ್ತವೆ. ಕಪ್ಪು ಚರ್ಮದಲ್ಲಿ ಕೆಂಪುತನ ಕಂದು ಅಥವಾ ನೇರಳೆ ಛಾಯೆಯಾಗಿ ಕಾಣಬಹುದು, ಎರಡೂ ಬಗೆಯ ಚಿತ್ರ ಬೇಕೇಬೇಕು.

ಎಲ್ಲಿ ಹುಡುಕುವುದು? ಸೂಕ್ಷ್ಮಾಣು, ಸೋಂಕಿನ ಚಿತ್ರಗಳಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಪಬ್ಲಿಕ್ ಹೆಲ್ತ್ ಇಮೇಜ್ ಲೈಬ್ರರಿ ಒಳ್ಳೆಯದು. ಹೆಚ್ಚಿನವು ಪಬ್ಲಿಕ್ ಡೊಮೈನ್ (ಕಾಪಿರೈಟ್ ಇಲ್ಲದವು), ಎಲ್ಲವೂ ಅಲ್ಲ, ಪ್ರತಿ ಚಿತ್ರದ ಪುಟದಲ್ಲಿ ಕಾಪಿರೈಟ್ ಸಾಲು ನೋಡಿ. ರೇಖಾಚಿತ್ರಗಳಿಗೆ ಸರ್ವಿಯೆ ಮೆಡಿಕಲ್ ಆರ್ಟ್, ಅದು ಸಿಸಿ ಬಿವೈ, ಮಾರ್ಪಡಿಸಬಹುದು, ಹೆಸರು ಹಾಕಬೇಕು. ಲೇಖನಗಳೊಳಗಿನ ಚಿತ್ರ ಹುಡುಕಲು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಓಪನ್-ಐ ಇದೆ.

ಚಿತ್ರ ಇಳಿಸಿಕೊಂಡ ಕ್ಷಣದಲ್ಲೇ ಒಂದು ಶೀಟ್‌ನಲ್ಲಿ ಶೀರ್ಷಿಕೆ, ಕರ್ತೃ, ಮೂಲ ಪುಟದ ವಿಳಾಸ, ಲೈಸೆನ್ಸ್ ಮತ್ತು ಆವೃತ್ತಿ, ಇಳಿಸಿದ ದಿನಾಂಕ, ಮಾಡಿದ ಬದಲಾವಣೆ, ಯಾವ ಪಾಠದ ಯಾವ ಸ್ಲೈಡ್ ಎಂಬುದನ್ನು ಬರೆದಿಡಿ. ಲೈಸೆನ್ಸ್ ಕಾಣುವ ಪುಟದ ಸ್ಕ್ರೀನ್‌ಶಾಟ್ ಜೊತೆಗಿರಲಿ. ಏಜೆನ್ಸಿಗೆ ಕೆಲಸ ಕೊಟ್ಟರೆ ಈ ಶೀಟ್ ತುಂಬಿ ಬರುವವರೆಗೆ ಬಿಲ್ ಪಾಸು ಮಾಡಬೇಡಿ. ಮುಚ್ಚಿದ ಆ ಕೋರ್ಸ್‌ನಲ್ಲಿ ‘ಯಾವ ಸ್ಲೈಡ್’ ಎಂಬ ಕೊನೆಯ ಕಾಲಂ ಇಲ್ಲದ್ದರಿಂದ, ಒಂದೇ ಚಿತ್ರ ಎಲ್ಲೆಲ್ಲಿದೆ ಎಂದು ವಿಡಿಯೊ, ಪಿಡಿಎಫ್, ಕ್ವಿಜ್ ಎಲ್ಲವನ್ನೂ ಮತ್ತೆ ತೆರೆದು ನೋಡಬೇಕಾಯಿತು.